ಹೆಣಿಗೆಯೂ ವಿಜ್ಞಾನದ ಪಾಠವೇ!



ನಿಮ್ಮ ಮನೆಯಲ್ಲಿ ಒಂದು ಬಿದಿರಿನ ಬುಟ್ಟಿಯೋ ಮೊರವೋ ಇರಬಹುದು. ಅದನ್ನೊಮ್ಮೆ ಕೈಗೆತ್ತಿಕೊಂಡು ನೋಡಿ. ಅದಕ್ಕೆ ಎಷ್ಟು ಮೊಳೆ ಹೊಡೆದಿದ್ದಾರೆ? ಎಷ್ಟು ಅಂಟು ಹಾಕಿದ್ದಾರೆ? ಒಂದೂ ಇಲ್ಲ! ಆದರೂ ಅದು ರಾಗಿಯನ್ನು ಹೊರುತ್ತದೆ, ಗೊಬ್ಬರವನ್ನು ಹೊರುತ್ತದೆ, ಜಾತ್ರೆಯಲ್ಲಿ ತಲೆಯ ಮೇಲೆ ಕುಳಿತು ಮೈಲಿಗಟ್ಟಲೆ ಹೋಗುತ್ತದೆ. ಹಾಗಾದರೆ ಅದನ್ನು ಹಿಡಿದಿಟ್ಟಿರುವುದು ಏನು?

ಎಂಟನೇ ತರಗತಿಯವರು ತಕ್ಷಣ ಕೈ ಎತ್ತಬೇಕು. ಘರ್ಷಣೆ! ಒಂದರ ಮೇಲೆ, ಒಂದರ ಕೆಳಗೆ ಹಾದುಹೋಗುವ ಸೀಳುಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ. ಒತ್ತಿದಲ್ಲಿ ಘರ್ಷಣೆ ಹುಟ್ಟುತ್ತದೆ. ಘರ್ಷಣೆ ಜಾರಲು ಬಿಡುವುದಿಲ್ಲ. ಇದು ನಿಮ್ಮ ಪಠ್ಯಪುಸ್ತಕದಲ್ಲಿಯೂ ಇದೆ, ನಿಮ್ಮ ಅಡುಗೆಮನೆಯ ಮೂಲೆಯಲ್ಲಿಯೂ ಇದೆ. ಆದರೆ ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಅಭ್ಯಾಸ ನಮಗೆ ಇಲ್ಲ. ನನಗೂ ಇರಲಿಲ್ಲ. ಆ ಕಾರಣದಿಂದ ನಾನೊಂದು ತಪ್ಪು ಮಾಡಿದ್ದೇನೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

ನಾನು ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದೆ ಒಂದು ವಿಜ್ಞಾನ ವಸ್ತುಪ್ರದರ್ಶನಕ್ಕೆ ನಾನು ತೀರ್ಪುಗಾರಳಾಗಿ ಹೋಗಿದ್ದೆ. ಮೇಜಿನ ಮೇಲೆ ಥರ್ಮೋಕೋಲಿನ ಜ್ವಾಲಾಮುಖಿ, ಥರ್ಮೋಕೋಲಿನ ಸೌರವ್ಯೂಹ, ಥರ್ಮೋಕೋಲಿನ ಹೃದಯ. ಎಲ್ಲವೂ ಥಳಥಳ ಹೊಳೆಯುತ್ತಿದ್ದವು. ಕೊನೆಯ ಮೇಜಿನಲ್ಲಿ ಏಳನೇ ತರಗತಿಯ ಒಬ್ಬ ಹುಡುಗಿ ಒಂದು ಚೆಂಡು ಇಟ್ಟುಕೊಂಡು ನಿಂತಿದ್ದಳು. ಹಳೆಯ ಕ್ಯಾಲೆಂಡರಿನ ಆರು ಪಟ್ಟಿಗಳನ್ನು ಹೆಣೆದು ಮಾಡಿದ ಚೆಂಡು. ಬಣ್ಣ ಇಲ್ಲ, ಹೆಸರಿನ ಚೀಟಿ ಇಲ್ಲ. ಪಟ್ಟಿಯ ಮೇಲೆ ಅಲ್ಲಲ್ಲಿ ತಾರೀಖುಗಳು ಕಾಣುತ್ತಿದ್ದವು.

“ಯಾರು ಹೇಳಿಕೊಟ್ಟರಮ್ಮ ಇದನ್ನು?” ಎಂದು ಕೇಳಿದೆ.

“ಯಾರೂ ಇಲ್ಲ ಮೇಡಂ. ಅಜ್ಜಿ ಬುಟ್ಟಿ ಹೆಣೀತಾರೆ. ನೋಡಿ ನೋಡಿ ಮಾಡಿದೆ.”

“ಚೆನ್ನಾಗಿದೆ. ಆದರೆ ಇದರಲ್ಲಿ ವಿಜ್ಞಾನ ಎಲ್ಲಿದೆ?”

ಅವಳು ಸ್ವಲ್ಪ ಹೊತ್ತು ಚೆಂಡನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು: “ಆರು ಮೂಲೆ ಕಣ್ಣು ಬಂದ್ರೆ ಚಪ್ಪಟೆ ಇರುತ್ತೆ ಮೇಡಂ. ಐದು ಮೂಲೆ ಕಣ್ಣು ಬಂದ್ರೆ ಮೇಲೇಳುತ್ತೆ.”

ನಾನು ತಲೆಯಾಡಿಸಿ, ನನ್ನ ಹಾಳೆಯಲ್ಲಿ “ಇದು ಕರಕುಶಲ ವಿಭಾಗಕ್ಕೆ ಸೇರಿದ್ದು” ಎಂದು ಬರೆದು ಮುಂದೆ ಹೋದೆ. ಬಹುಮಾನ ಜ್ವಾಲಾಮುಖಿಗೆ ಹೋಯಿತು. ಅದನ್ನು ಪೇಟೆಯ ಅಂಗಡಿಯಿಂದ ಹಣ ಕೊಟ್ಟು ತಂದಿದ್ದರೆಂದು ಆಮೇಲೆ ಗೊತ್ತಾಯಿತು. ಆ ಹುಡುಗಿ ಹೇಳಿದ ಎರಡು ವಾಕ್ಯಗಳಲ್ಲಿ ಎಂತಹ ದೊಡ್ಡ ಗಣಿತ ಅಡಗಿತ್ತೆಂದು ಗೊತ್ತಾದದ್ದು ಇನ್ನೂ ತಡವಾಗಿ. ಎಂ.ಎಸ್ಸಿ. ಓದಿದ ನನಗೆ ಕಾಣದ್ದು ಅವಳ ಕೈಗೆ ಕಂಡಿತ್ತು!

ಅದೇನು ಗಣಿತ? ಓದಿ ತಿಳಿಯುವುದಕ್ಕಿಂತ ಮಾಡಿ ತಿಳಿಯುವುದು ಲೇಸು. ಮೊದಲು ಒಂದು ಘನವನ್ನು ಹೆಣೆಯೋಣ.

ಮಾಡಿ ನೋಡಿ: ಮೂರು ಪಟ್ಟಿಯ ಘನ

ಬೇಕಾಗುವ ವಸ್ತುಗಳು ನಾಲ್ಕೇ: ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆ, ಸ್ಕೇಲು, ಪೆನ್ಸಿಲ್, ಕತ್ತರಿ. ಅಂಟು ಬೇಡವೇ ಬೇಡ.

20 ಸೆ.ಮೀ. ಉದ್ದ, 4 ಸೆ.ಮೀ. ಅಗಲದ ಮೂರು ಪಟ್ಟಿಗಳನ್ನು ಕತ್ತರಿಸಿ. ಒಂದಕ್ಕೆ ಕೆಂಪು, ಒಂದಕ್ಕೆ ಹಳದಿ, ಒಂದಕ್ಕೆ ನೀಲಿ ಬಣ್ಣ ಹಚ್ಚಿ. ಪ್ರತಿ 4 ಸೆ.ಮೀ.ಗೆ ಒಂದು ಗೆರೆ ಎಳೆಯಿರಿ. ಒಂದೊಂದು ಪಟ್ಟಿಯಲ್ಲಿ ಐದು ಚೌಕಗಳಾದವು. ಗೆರೆಗಳನ್ನು ಬಣ್ಣ ಹೊರಗೆ ಬರುವಂತೆ ಒಂದೇ ದಿಕ್ಕಿಗೆ ಚೆನ್ನಾಗಿ ಮಡಿಸಿ.

ಮೊದಲ ಹಂತ: ಕೆಂಪು ಪಟ್ಟಿಯನ್ನು ಚೌಕಟ್ಟಿನಂತೆ ಮಡಿಸಿ. ಐದನೆಯ ಚೌಕ ಮೊದಲನೆಯದರ ಮೇಲೆ ಕೂರಲಿ. ಹೀಗೆ ಎರಡು ಪದರವಾದ ಮುಖ ನಿಮ್ಮ ಎದುರಿಗಿರಲಿ. ಈಗ ಎಡ ಮತ್ತು ಬಲ ಬದಿಗಳು ತೆರೆದಿವೆ.

ಎರಡನೆಯ ಹಂತ: ಹಳದಿ ಪಟ್ಟಿಯ ಮೊದಲ ಚೌಕವನ್ನು ಬಲಬದಿಗೆ ಇಡಿ. ಅಲ್ಲಿಂದ ಎದುರು, ಎಡ, ಹಿಂಬದಿ ಹೀಗೆ ಸುತ್ತಿ ಮತ್ತೆ ಬಲಬದಿಗೆ ಬನ್ನಿ. ತೆರೆದಿದ್ದ ಎರಡೂ ಬದಿ ಮುಚ್ಚಿದವು. ಈಗ ಕೆಂಪು ಬಣ್ಣ ಮೇಲೆ ಮತ್ತು ಕೆಳಗೆ ಮಾತ್ರ ಕಾಣುತ್ತದೆ.

ಮೂರನೆಯ ಹಂತ: ನೀಲಿ ಪಟ್ಟಿಯನ್ನು ಕೆಳಗಿನ ಕೆಂಪು ಮುಖದ ಒಳಬದಿಯಲ್ಲಿ ತೂರಿಸಿ. ಅದರ ನಡುವಿನ ಚೌಕ ಕೆಂಪಿನ ಹಿಂದೆ ಅಡಗಲಿ. ಎಡಕ್ಕೂ ಬಲಕ್ಕೂ ಹೊರಬಂದ ತುದಿಗಳನ್ನು ಮೇಲಕ್ಕೆತ್ತಿ ಹಳದಿ ಬದಿಗಳನ್ನು ಮುಚ್ಚಿ. ಉಳಿದ ಒಂದೊಂದು ಚೌಕವನ್ನು ಮೇಲಿನ ಕೆಂಪು ಮುಖದ ಅಡಿಗೆ ಎರಡೂ ಕಡೆಯಿಂದ ತೂರಿಸಿ.

ಮುಗಿಯಿತು! ಮೇಲೆ ಕೆಂಪು, ಕೆಳಗೆ ಕೆಂಪು. ಹಿಂದೆ ಮುಂದೆ ಹಳದಿ. ಎಡಬಲ ನೀಲಿ. ಅಂಗೈಯಿಂದ ಅಂಗೈಗೆ ಎಸೆದು ನೋಡಿ, ಬಿಚ್ಚುವುದಿಲ್ಲ. ಏಕೆ? ಹಳದಿಯು ಕೆಂಪನ್ನು ಒತ್ತಿ ಹಿಡಿದಿದೆ. ನೀಲಿಯು ಹಳದಿಯನ್ನು ಒತ್ತಿ ಹಿಡಿದಿದೆ. ಕೆಂಪು ನೀಲಿಯನ್ನು ಒತ್ತಿ ಹಿಡಿದಿದೆ. ಇಲ್ಲಿ ಯಾರೂ ದೊಡ್ಡವರಲ್ಲ, ಯಾರೂ ಚಿಕ್ಕವರಲ್ಲ. ಆದರೆ ಯಾವುದಾದರೂ ಒಂದು ಪಟ್ಟಿಯನ್ನು ಎಳೆದು ತೆಗೆಯಿರಿ. ಉಳಿದ ಎರಡೂ ಸಡಿಲ!

ಈ ಆಟ ಹೊಸದೇನಲ್ಲ. ಇಂಗ್ಲೆಂಡಿನ ವೈದ್ಯರಾದ ಜಾನ್ ಗೋರ್ಹ್ಯಾಮ್ ಎಂಬುವರು 1888ರಲ್ಲಿ ಲಂಡನ್ನಿನಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ನಾವು ಜಡೆ ಹೆಣೆಯುತ್ತೇವಲ್ಲ, ಅದೇ ಕ್ರಮದಲ್ಲಿ ಪಟ್ಟಿಗಳನ್ನು ಹೆಣೆದು ಹರಳುಗಳ ಮಾದರಿ ಮಾಡುವ ವಿಧಾನ ಅದರಲ್ಲಿತ್ತು. ಉಪ್ಪಿನ ಹರಳು ಕೂಡ ಘನಾಕೃತಿಯದೇ. ಪುಡಿ ಉಪ್ಪನ್ನು ಕಪ್ಪು ಕಾಗದದ ಮೇಲೆ ಉದುರಿಸಿ ಭೂತಗನ್ನಡಿಯಲ್ಲಿ ನೋಡಿ.

ಘನದಿಂದ ಗೋಪುರಕ್ಕೆ

ಒಂದು ಘನದಿಂದ ಏನಾದೀತು ಎನ್ನಬೇಡಿ. ತರಗತಿಯಲ್ಲಿ ಮೂವತ್ತು ಮಕ್ಕಳಿದ್ದರೆ ಮೂವತ್ತು ಘನಗಳಾಗುತ್ತವೆ. ಒಂದೊಂದೂ ಒಂದು ಘಟಕ. ಘಟಕಗಳನ್ನು ಸೇರಿಸಿದರೆ ಮೆಟ್ಟಿಲು, ಗೋಪುರ, ಒಂಟೆ, ಆನೆ ಏನು ಬೇಕಾದರೂ ಶಿಲ್ಪ ಆಗುತ್ತದೆ.

ಸೇರಿಸಲೂ ಅಂಟು ಬೇಡ. 8 ಸೆ.ಮೀ. ಉದ್ದ, 3.5 ಸೆ.ಮೀ. ಅಗಲದ ಜೋಡುಪಟ್ಟಿಗಳನ್ನು ಕತ್ತರಿಸಿಕೊಳ್ಳಿ. ಎರಡು ಘನಗಳನ್ನು ಕೆಂಪು ಮೇಲಿರುವಂತೆ, ನೀಲಿಗೆ ನೀಲಿ ತಾಗುವಂತೆ ಅಕ್ಕಪಕ್ಕ ಇಡಿ. ಜೋಡುಪಟ್ಟಿಯ ಅರ್ಧವನ್ನು ಒಂದು ಘನದ ಕೆಂಪು ಮುಖದ ಅಡಿಗೆ, ಇನ್ನರ್ಧವನ್ನು ಪಕ್ಕದ ಘನದ ಕೆಂಪು ಮುಖದ ಅಡಿಗೆ ತೂರಿಸಿ. ಕೆಳಗಿನ ಮುಖಗಳಿಗೂ ಹಾಗೆಯೇ ಮಾಡಿ. ಕೆಂಪಿನ ಮೇಲೆ ಕೆಂಪು ಇಟ್ಟು ಗೋಪುರ ಕಟ್ಟಬೇಕೆ? ಆಗ ಜೋಡುಪಟ್ಟಿಯನ್ನು ಹಳದಿಯ ಅಡಿಗೆ ತೂರಿಸಿ. ಹಳದಿಗೆ ಹಳದಿ ತಾಗಿಸಬೇಕೆ? ಆಗ ನೀಲಿಯ ಅಡಿಗೆ. ಒಂದು ಘನವನ್ನು ತಪ್ಪಾಗಿ ತಿರುಗಿಸಿಟ್ಟರೆ ಸೀಳಿಗೆ ಸೀಳು ಎದುರಾಗುವುದಿಲ್ಲ, ಪಟ್ಟಿ ಒಳಗೆ ಹೋಗುವುದಿಲ್ಲ. ಮೇಷ್ಟ್ರು ಬಂದು ತಪ್ಪು ಎಂದು ಹೇಳಬೇಕಾಗಿಲ್ಲ, ಕಾಗದವೇ ಹೇಳುತ್ತದೆ!

ಈಗ ಎಣಿಸಿ. ಒಂದು ಘನಕ್ಕೆ ಆರು ಮುಖ. ನಾಲ್ಕು ಘನಗಳನ್ನು ಸಾಲಾಗಿ ಜೋಡಿಸಿದರೆ ಹೊರಗೆ ಕಾಣುವ ಮುಖಗಳು 18. ಅದೇ ನಾಲ್ಕನ್ನು ಎರಡೆರಡಾಗಿ ಚೌಕದಂತೆ ಜೋಡಿಸಿದರೆ 16. ಎಂಟು ಘನ ಸಾಲಾಗಿದ್ದರೆ 34, ಒಂದು ದೊಡ್ಡ ಘನವಾದರೆ ಕೇವಲ 24. ಕಾಗದ ಅಷ್ಟೇ, ಹೊರಮೈ ಮಾತ್ರ ಕಡಿಮೆ. ಚಳಿಗಾಲದ ರಾತ್ರಿ ನಾಯಿಮರಿಗಳು ಒಂದಕ್ಕೊಂದು ಒತ್ತಿಕೊಂಡು ಗುಂಡಗೆ ಮಲಗುವುದು ಏಕೆಂದು ಈಗ ಹೇಳಬಲ್ಲಿರಾ?

ಕಾಣೆಯಾದ ಕೋನ

ಇನ್ನು ಆ ಹುಡುಗಿಯ ಮಾತಿಗೆ ಬರೋಣ.

ಸಮತಟ್ಟಾದ ಹಾಳೆಯ ಮೇಲೆ ಒಂದು ಚುಕ್ಕೆ ಇಡಿ. ಅದರ ಸುತ್ತ ಇರುವ ಕೋನ 360 ಡಿಗ್ರಿ. ಈಗ ನಿಮ್ಮ ಘನದ ಒಂದು ಮೂಲೆಯನ್ನು ನೋಡಿ. ಅಲ್ಲಿ ಮೂರು ಚೌಕಗಳು ಸೇರಿವೆ. 90 + 90 + 90 = 270. ಅಂದರೆ 90 ಡಿಗ್ರಿ ಕಾಣೆಯಾಗಿದೆ. ಆ ಕಾಣೆಯಾದ ಕೋನದಿಂದಲೇ ಹಾಳೆ ಬಾಗಿ ಮೂಲೆಯಾಯಿತು. ಘನಕ್ಕೆ ಎಂಟು ಮೂಲೆ. ಒಟ್ಟು ಕಾಣೆಯಾದದ್ದು 8 × 90 = 720 ಡಿಗ್ರಿ.

ನಾಲ್ಕು ಸಮಬಾಹು ತ್ರಿಭುಜಗಳಿಂದ ಆದ ಚತುರ್ಮುಖಿಯನ್ನು ತೆಗೆದುಕೊಳ್ಳಿ. ಒಂದು ಮೂಲೆಯಲ್ಲಿ ಮೂರು ತ್ರಿಭುಜ, 180 ಡಿಗ್ರಿ. ಕಾಣೆಯಾದದ್ದು 180. ಮೂಲೆಗಳು ನಾಲ್ಕು. 4 × 180 = 720! ಎಂಟು ತ್ರಿಭುಜಗಳ ಅಷ್ಟಮುಖಿಯಲ್ಲಿ ಆರು ಮೂಲೆ, ಪ್ರತಿ ಮೂಲೆಯಲ್ಲಿ 120 ಕಾಣೆ. 6 × 120 = 720! ಹದಿನೇಳನೇ ಶತಮಾನದಲ್ಲಿ ಫ್ರಾನ್ಸಿನ ರೆನೆ ಡೆಕಾರ್ಟ್ ಈ ಗುಟ್ಟನ್ನು ಕಂಡುಕೊಂಡಿದ್ದರು. ಚೆಂಡಿನಂತೆ ಸುತ್ತಲೂ ಮುಚ್ಚಿಕೊಳ್ಳುವ ಯಾವ ಬಹುಮುಖ ಆಕೃತಿಗೂ ಕಾಣೆಯಾಗುವ ಕೋನ ಒಟ್ಟು 720 ಡಿಗ್ರಿಯೇ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಕೆಲವು ಬುಟ್ಟಿಗಳಲ್ಲಿ ಆರು ಮೂಲೆಯ ಕಣ್ಣುಗಳನ್ನು ನೋಡಿರಬಹುದು. ಮೂರು ದಿಕ್ಕಿನಿಂದ ಪಟ್ಟಿಗಳು ಬಂದು ಹೆಣೆದುಕೊಂಡಿರುತ್ತವೆ. ಪ್ರತಿಯೊಂದು ಕೂಡುವ ಜಾಗದಲ್ಲಿ ಎರಡು ಷಡ್ಭುಜ, ಎರಡು ತ್ರಿಭುಜ. 120 + 60 + 120 + 60 = 360. ಏನೂ ಕಾಣೆಯಾಗಿಲ್ಲ. ಆದ್ದರಿಂದ ಚಪ್ಪಟೆ. ಆರು ಮೂಲೆಯ ಬದಲು ಐದು ಮೂಲೆ ಮಾಡಿದಿರೋ, ಪಂಚಭುಜದ ಕೋನ 108. 108 + 60 + 108 + 60 = 336. ಒಂದೊಂದು ಕೂಡಿನಲ್ಲಿ 24 ಡಿಗ್ರಿ ಕಾಣೆ. ಹೆಣಿಗೆ ಮೇಲೇಳಲೇಬೇಕು! ಆರು ಪಟ್ಟಿಯ ಆ ಚೆಂಡಿನಲ್ಲಿ ಪ್ರತಿ ಪಟ್ಟಿಯೂ ಉಳಿದ ಐದನ್ನು ಎರಡೆರಡು ಸಲ ದಾಟುತ್ತದೆ. ಒಟ್ಟು 30 ಕೂಡುಗಳು. 30 × 24 = 720. ಲೆಕ್ಕ ಸರಿಯಾಯಿತು. ಕಣ್ಣುಗಳನ್ನು ಎಣಿಸಿದರೆ ಐದು ಮೂಲೆಯವು 12, ಮೂರು ಮೂಲೆಯವು 20.

“ಐದು ಮೂಲೆ ಕಣ್ಣು ಬಂದ್ರೆ ಮೇಲೇಳುತ್ತೆ ಮೇಡಂ.” ಅವಳು ಹೇಳಿದ್ದು ಇದನ್ನೇ!

ಮಲೇಷ್ಯಾ, ಥಾಯ್ಲೆಂಡ್ ದೇಶಗಳಲ್ಲಿ ಇಂಥದೇ ಹೆಣೆದ ಚೆಂಡನ್ನು ಕಾಲಿನಿಂದ ಒದ್ದು ಆಡುವ ಆಟವಿದೆ. ಅದರ ಹೆಸರು ಸೆಪಕ್ ಟಕ್ರಾ. 1990ರಿಂದ ಏಷ್ಯನ್ ಕ್ರೀಡಾಕೂಟದಲ್ಲಿಯೂ ಇದೆ. 2018ರಲ್ಲಿ ಇಂಡೋನೇಷ್ಯಾದ ಪಾಲೆಂಬಾಂಗ್‌ನಲ್ಲಿ ಭಾರತದ ಪುರುಷರ ತಂಡ ಇದರಲ್ಲಿ ಕಂಚಿನ ಪದಕ ಗೆದ್ದಿತು.

ಕಾಗದದಿಂದ ನೊಬೆಲ್ ಪ್ರಶಸ್ತಿಗೆ

ಕಾಗದದ ಮಾದರಿ ಚಿಕ್ಕ ಮಕ್ಕಳ ಆಟ ಎಂದು ಯಾರಾದರೂ ಹೇಳಿದರೆ ಈ ಕಥೆ ಹೇಳಿ. 1985ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ರೈಸ್ ವಿಶ್ವವಿದ್ಯಾಲಯದಲ್ಲಿ ಹೆರಾಲ್ಡ್ ಕ್ರೋಟೊ, ರಾಬರ್ಟ್ ಕರ್ಲ್, ರಿಚರ್ಡ್ ಸ್ಮಾಲಿ ಮತ್ತು ಅವರ ವಿದ್ಯಾರ್ಥಿಗಳು ಒಂದು ವಿಚಿತ್ರವನ್ನು ಕಂಡರು. 60 ಇಂಗಾಲದ ಪರಮಾಣುಗಳು ಸೇರಿ ಒಂದು ಗಟ್ಟಿಮುಟ್ಟಾದ ಅಣುವಾಗುತ್ತಿತ್ತು. ಅದರ ಆಕಾರ ಹೇಗಿದ್ದೀತು? ಸ್ಮಾಲಿ ರಾತ್ರಿ ಮನೆಯಲ್ಲಿ ಕುಳಿತು ಕಾಗದದ ಷಡ್ಭುಜಗಳನ್ನು ಕತ್ತರಿಸಿ ಟೇಪಿನಿಂದ ಜೋಡಿಸಲು ನೋಡಿದರು. ಬರಿಯ ಷಡ್ಭುಜಗಳಿಂದ ಆಕೃತಿ ಮುಚ್ಚಿಕೊಳ್ಳಲೇ ಇಲ್ಲ. ನಡುವೆ ಪಂಚಭುಜಗಳನ್ನು ಸೇರಿಸಿದಾಗ ಕಾಗದ ಬಾಗಿ ಬಾಗಿ ಚೆಂಡಾಯಿತು! 12 ಪಂಚಭುಜ, 20 ಷಡ್ಭುಜ, ಸರಿಯಾಗಿ 60 ಮೂಲೆ. ಕಪ್ಪು ಬಿಳುಪಿನ ಫುಟ್ಬಾಲಿನಂತೆ. ಒಂದು ಮೂಲೆಯ ಕೋನ 108 + 120 + 120 = 348. ಕಾಣೆಯಾದದ್ದು 12. ಅರವತ್ತರಿಂದ ನೀವೇ ಗುಣಿಸಿ. ಈ ಶೋಧಕ್ಕೆ ಆ ಮೂವರಿಗೂ 1996ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು.

ತೀರಾ ಇತ್ತೀಚಿನ ಮಾತೂ ಇದೆ. 2021ರಲ್ಲಿ ಅಲಿಸನ್ ಮಾರ್ಟಿನ್ ಎಂಬ ಹೆಣಿಗೆ ಕಲಾವಿದೆಯೂ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದ ಪೆಡ್ರೊ ರೀಸ್ ಅವರ ಸಂಶೋಧಕರ ತಂಡವೂ ಸೇರಿ ಒಂದು ಪ್ರಬಂಧ ಪ್ರಕಟಿಸಿದರು. ಪಟ್ಟಿಗಳನ್ನು ನೇರವಾಗಿ ಕತ್ತರಿಸದೆ ಬಾಗಿದಂತೆ ಕತ್ತರಿಸಿ ಹೆಣೆದರೆ ಮೂಲೆಗಳಿಲ್ಲದ ನುಣುಪಾದ ಆಕಾರಗಳು ಬರುತ್ತವೆ ಎಂಬುದು ಅದರ ಸಾರ. ಭೌತವಿಜ್ಞಾನದ ಪ್ರಬಂಧದಲ್ಲಿ ವಿಜ್ಞಾನಿಗಳ ಹೆಸರಿನ ಪಕ್ಕದಲ್ಲಿಯೇ ಹೆಣೆಯುವವರ ಹೆಸರು! ನಾನು “ಕರಕುಶಲ ವಿಭಾಗ” ಎಂದು ಬರೆದದ್ದು ನೆನಪಾಗಿ ನಾಚಿಕೆಯಾಯಿತು.

ಹಾಗಾದರೆ ಏನು ಮಾಡಬೇಕು?

ಮರುವರ್ಷ ಆ ಊರಿಗೆ ಹೋದಾಗ ಹುಡುಗಿ ಹೈಸ್ಕೂಲಿಗೆಂದು ಬೇರೆ ಊರಿಗೆ ಹೋಗಿದ್ದಳು. ಮನೆ ಹುಡುಕಿಕೊಂಡು ಹೋದೆ. ಅವಳ ತಂದೆ ಜಗಲಿಯ ಮೇಲೆ ಕುಳಿತು ಬಿದಿರು ಸೀಳುತ್ತಿದ್ದರು. ನಾನು ಚೆಂಡಿನ ಮಾತೆತ್ತಿ, ಮಕ್ಕಳಿಗೆ ಶಾಲೆಯಲ್ಲಿ ಹೆಣಿಗೆ ಕಲಿಸಬೇಕು ಎಂದೆ. ಅವರು ಕತ್ತಿಯನ್ನು ಕೆಳಗಿಟ್ಟು ಹೇಳಿದರು: “ನಾವು ಹೆಣೆದದ್ದು ಸಾಕು ಮೇಡಂ. ಅವಳಾದ್ರೂ ಓದಲಿ.”

ಆ ಮಾತನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಅವರು ಹೇಳಿದ್ದು ಸರಿ. ಬುಟ್ಟಿ ಹೆಣೆಯುವ ಮನೆಯ ಮಗು ಬುಟ್ಟಿಯನ್ನೇ ಹೆಣೆಯಬೇಕು ಎಂದು ಯಾರೂ ಹೇಳಬಾರದು. ಅವಳು ಡಾಕ್ಟರೋ ಎಂಜಿನಿಯರೋ ತನಗೆ ಇಷ್ಟವಾದದ್ದು ಆಗಲಿ. ನಾನು ಕೇಳುವುದು ಬೇರೆ. ಹೆಣಿಗೆಯನ್ನು ಒಂದು ಮನೆಯ ಮಕ್ಕಳು ಮಾತ್ರವಲ್ಲ, ಎಲ್ಲ ಮನೆಯ ಮಕ್ಕಳೂ ಕಲಿಯಲಿ. ಚಿತ್ರಕಲೆಯ ಅವಧಿಯಲ್ಲಿ ಮಾತ್ರವಲ್ಲ, ಗಣಿತ ಮತ್ತು ವಿಜ್ಞಾನದ ಅವಧಿಯಲ್ಲಿಯೂ ಕಲಿಯಲಿ. ಆಗ ಆ ಹುಡುಗಿ ತರಗತಿಯಲ್ಲಿ ತಲೆ ತಗ್ಗಿಸಿ ಕೂರುವುದಿಲ್ಲ. ಉಳಿದವರು ಅವಳ ಹತ್ತಿರ ಕೇಳಿ ಕಲಿಯುತ್ತಾರೆ.

“ಇದು ಪರೀಕ್ಷೆಗೆ ಬರುತ್ತದೆಯೇ?” ಎಂದು ಕೆಲವರು ಕೇಳುತ್ತಾರೆ. ಘನ ಬರುತ್ತದೆ, ಕೋನ ಬರುತ್ತದೆ, ಹೊರಮೈ ಬರುತ್ತದೆ, ಘರ್ಷಣೆಯೂ ಬರುತ್ತದೆ. ಎರಡು ಮಿಲಿಮೀಟರ್ ತಪ್ಪಾಗಿ ಅಳೆದರೆ ಘನ ಕೂರುವುದಿಲ್ಲ. ಅಳತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಗುರು ಯಾರು? ಪಾಠ ಬಿಟ್ಟು ಬರಿ ಕಾಗದ ಕತ್ತರಿಸುತ್ತ ಕೂರಿ ಎಂದು ನಾನು ಹೇಳುತ್ತಿಲ್ಲ. ಹೆಣೆದ ಮೇಲೆ ಎಣಿಸಬೇಕು, ಅಳೆಯಬೇಕು, ಏಕೆ ಎಂದು ಕೇಳಬೇಕು. ಕೇಳದಿದ್ದರೆ ಅದು ಆಟ ಮಾತ್ರ.

ಶಿಕ್ಷಕ ಮಿತ್ರರಲ್ಲಿ ಮೂರು ಬೇಡಿಕೆಗಳಿವೆ. ಒಂದು, ಅಂಗಡಿಯಿಂದ ತಂದ ಮಾದರಿಗೆ ಬಹುಮಾನ ಬೇಡ. “ಇದನ್ನು ಬಿಚ್ಚಿ ಮತ್ತೆ ಕಟ್ಟಿ ತೋರಿಸು” ಎಂದು ಕೇಳಿ, ಸಾಕು. ಎರಡು, ಥರ್ಮೋಕೋಲನ್ನು ಬಿಡೋಣ. ಅದು ಮಣ್ಣಿನಲ್ಲಿ ಕೊಳೆಯುವುದಿಲ್ಲ. ಅಲಂಕಾರಕ್ಕೆ ಥರ್ಮೋಕೋಲ್ ಬಳಸುವುದನ್ನು 2022ರ ಜುಲೈ 1ರಿಂದ ದೇಶದಲ್ಲಿಯೇ ನಿಷೇಧಿಸಲಾಗಿದೆ. ಹಳೆಯ ಕ್ಯಾಲೆಂಡರು, ಮದುವೆಯ ಕರೆಯೋಲೆ ಯಾವ ಊರಿನಲ್ಲಿ ಇಲ್ಲ? ಮೂರು, ನಿಮ್ಮ ಊರಿನ ಬುಟ್ಟಿ ಹೆಣೆಯುವವರನ್ನು ಒಂದು ದಿನ ತರಗತಿಗೆ ಕರೆಯಿರಿ. ಅವರನ್ನು ನೆಲದ ಮೇಲೆ ಕೂರಿಸಿ ನಾವು ಕುರ್ಚಿಯಲ್ಲಿ ಕೂರುವುದು ಬೇಡ. ಅವರ ಅರ್ಧ ದಿನದ ದುಡಿಮೆ ಹೋಗುತ್ತದೆ. ಅದಕ್ಕೆ ತಕ್ಕ ಹಣವನ್ನೂ ಕೊಡೋಣ.

ಮಕ್ಕಳೇ, ನಿಮ್ಮಲ್ಲಿ ಒಂದೇ ಬೇಡಿಕೆ. ಈ ವಾರ ಒಂದು ಘನ ಹೆಣೆಯಿರಿ. ಪಕ್ಕದಲ್ಲಿ ಕುಳಿತವರ ಘನಕ್ಕೆ ಜೋಡಿಸಿ. ನಂತರ ಇದನ್ನು ಯೋಚಿಸಿ: ಹೆಣಿಗೆಯಲ್ಲಿ ಆರು ಮೂಲೆಯ ಬದಲು ಏಳು ಮೂಲೆಯ ಕಣ್ಣು ಬಂದರೆ ಏನಾಗುತ್ತದೆ? ಉತ್ತರವನ್ನು ನಾನು ಹೇಳುವುದಿಲ್ಲ. ಕಾಗದದ ಪಟ್ಟಿ ತೆಗೆದುಕೊಳ್ಳಿ, ಹೆಣೆದು ನೋಡಿ. ಕುದುರೆಯ ಬೆನ್ನಿನ ಮೇಲೆ ಹಾಕುವ ಜೀನು ನೆನಪಿಗೆ ಬಂದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ.

ಮುಂದಿನ ವಸ್ತುಪ್ರದರ್ಶನಕ್ಕೆ ನಾನು ಬಂದಾಗ ಕೊನೆಯ ಮೇಜಿನಿಂದಲೇ ನೋಡಲು ಶುರು ಮಾಡುತ್ತೇನೆ.

– ಜಿಲ್ಲಾ ವಿಜ್ಞಾನ ಸಂಪನ್ಮೂಲ ಶಿಕ್ಷಕಿ